ಹಲ್ಲು ನಿಂತಲ್ಲಿ ನಿಲ್ಲುವುದಿಲ್ಲ

ಕಳೆದ ದಸರೆಗೆ ಊರಿಗೆ ಹೋಗಿದ್ದಾಗ ಊಟಕ್ಕೆ ಕೂತವನ ಮುಖವನ್ನೇ ದಿಟ್ಟಿಸಿ ಅಮ್ಮ ಕೇಳಿದಳು: "ಏನೋ, ನಿನ್ನ ಕೆಳಗಿನ ಹಲ್ಲು ಒಂದರ ಮೇಲೊಂದು ಹತ್ತಿ ಕೂತಿವೆಯಲ್ಲೋ? ಸಾಲ ಮಾಡಿ ತಂತಿ ಹಾಕಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ!"

ಸಾಲ ಮಾಡಿದ್ದು ನಿಜ. ನನಗಾಗ ಹದಿನಾಲ್ಕು ವರ್ಷ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಹಲ್ಲಿಗೆ ಕ್ಲಿಪ್ ಹಾಕಿಸುವುದು ಮೇಷ್ಟ್ರ ಸಂಬಳಕ್ಕೆ ಎಟುಕುವ ಮಾತಾಗಿರಲಿಲ್ಲ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಎರಡು ವರ್ಷ ತಂತಿ ಬಿಗಿ ಮಾಡಿಸಿದರು. ತಂತಿ ಬಿಚ್ಚಿದ ಮೇಲೆ ಗುಲಾಬಿ ಬಣ್ಣದ ಒಂದು ಪ್ಲೇಟು ಕೊಟ್ಟು, "ಆರು ತಿಂಗಳು ಹಾಕಿಕೋ, ಸಾಕು" ಅಂದರು. ಹಾಕಿಕೊಂಡೆ. ಆಮೇಲೆ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಕಾಗದದಲ್ಲಿ ಸುತ್ತಿಟ್ಟದ್ದು ಎಂಜಲು ತಟ್ಟೆಯ ಜೊತೆ ಹೋಯಿತು. ಅದಕ್ಕಾಗಿ ಯಾರೂ ಬೇಸರಪಡಲಿಲ್ಲ, ನಾನೂ ಪಡಲಿಲ್ಲ.

ಈಗ ಪುಣೆಯಲ್ಲಿ ನನ್ನ ಮಗಳಿಗೆ ಹದಿಮೂರು. ಅವಳಿಗೂ ಕ್ಲಿಪ್ ಬೇಕೆಂದು ಹೇಳಿದ ದಂತವೈದ್ಯೆಯನ್ನು ನಾನು ಕೇಳಿದ ಮೊದಲ ಪ್ರಶ್ನೆ ಖರ್ಚಿನದಲ್ಲ: "ತಂತಿ ತೆಗೆದ ಮೇಲೆ ಪ್ಲೇಟು ಎಷ್ಟು ದಿನ ಹಾಕಬೇಕು?" ಅವರು ನಕ್ಕು, "ಹಲ್ಲು ಎಷ್ಟು ವರ್ಷ ನೆಟ್ಟಗಿರಬೇಕು ಅಂತ ನಿಮಗನ್ನಿಸುತ್ತೋ ಅಷ್ಟು ವರ್ಷ" ಎಂದರು.

ಆರು ತಿಂಗಳು ಎಲ್ಲಿ, ಜೀವಮಾನವೆಲ್ಲಿ? ಈ ನಡುವೆ ಏನಾಯಿತು ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಒಂದು ಸೊಗಸಾದ ಇತಿಹಾಸ. ಹಲ್ಲನ್ನು ಸರಿಸುವ ವಿದ್ಯೆ ಬಹಳ ಹಳೆಯದು. ಸರಿಸಿದ ಹಲ್ಲು ಅಲ್ಲೇ ನಿಲ್ಲುವುದಿಲ್ಲ, ಸರಿಸದ ಹಲ್ಲೂ ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ಮಾತ್ರ ತೀರ ಈಚಿನದು. ಅದು ಬಂದದ್ದು ತಮ್ಮದೇ ಹಳೆಯ ಕೆಲಸವನ್ನು ವರ್ಷಗಳ ನಂತರ ಮತ್ತೆ ತೆಗೆದು ನೋಡಿ, ಕೆಟ್ಟಿದೆ ಎಂದು ಒಪ್ಪಿಕೊಂಡ ಕೆಲವರಿಂದ.

ಮೊದಲು ಬೆರಳಿನಿಂದ ಶುರುಮಾಡೋಣ. ಕ್ರಿಸ್ತಶಕ ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಒಂದು ಉಪಾಯ ಹೇಳಿದ್ದಾನೆ. ಮಗುವಿನ ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಮೂಡಿದರೆ, ಹಾಲುಹಲ್ಲನ್ನು ಕಿತ್ತು, ಹೊಸದನ್ನು ದಿನಾ ಬೆರಳಿನಿಂದ ಒತ್ತುತ್ತ ಅದರ ಜಾಗಕ್ಕೆ ತರಬೇಕು. ಹಗುರವಾದ ಒತ್ತಡವನ್ನು ಬಿಡದೆ ಕೊಟ್ಟರೆ ಹಲ್ಲು ಚಲಿಸುತ್ತದೆ ಎಂಬ ಮೂಲ ಸೂತ್ರ ಅಲ್ಲೇ ಇದೆ. ಮುಂದಿನ ದೊಡ್ಡ ಹೆಸರು ಪ್ಯಾರಿಸ್ಸಿನ ಪಿಯರ್ ಫೋಶಾರ್. ಆಧುನಿಕ ದಂತವೈದ್ಯದ ಪಿತಾಮಹ ಎಂದು ಕರೆಸಿಕೊಂಡ ಆತ 1728ರ ತನ್ನ ಪುಸ್ತಕದಲ್ಲಿ ಚಿನ್ನದ ಅಥವಾ ಬೆಳ್ಳಿಯ ತೆಳು ಪಟ್ಟಿಯೊಂದನ್ನು ವರ್ಣಿಸಿದ. ಪಟ್ಟಿಯಲ್ಲಿ ತೂತುಗಳು, ತೂತುಗಳ ಮೂಲಕ ದಾರ, ದಾರದಿಂದ ಹಲ್ಲನ್ನು ಪಟ್ಟಿಗೆ ಎಳೆದು ಕಟ್ಟುವುದು. ತಡೆಯಲಾರದ ಅವಸರವಿದ್ದರೆ ಇಕ್ಕಳದಿಂದ ಹಲ್ಲನ್ನು ಬಲವಂತವಾಗಿ ನೆಟ್ಟಗೆ ತಿರುಗಿಸಿ ಪಕ್ಕದ ಹಲ್ಲುಗಳಿಗೆ ಕಟ್ಟಿಬಿಡುವ ಮಾರ್ಗವೂ ಅವನಲ್ಲಿತ್ತು. ಓದುವಾಗಲೇ ದವಡೆ ಜುಮ್ಮೆನ್ನುತ್ತದೆ.

ಆದರೆ ಗಟ್ಟಿ ಮೂಳೆಯಲ್ಲಿ ಹೂತ ಹಲ್ಲು ಚಲಿಸುವುದಾದರೂ ಹೇಗೆ? ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1771ರಲ್ಲಿ ಮನುಷ್ಯನ ಹಲ್ಲುಗಳ ಬಗ್ಗೆಯೇ ಒಂದು ಗ್ರಂಥ ಬರೆದ; ಅದರ ಮುಂದುವರಿದ ಭಾಗ 1778ರಲ್ಲಿ ಬಂತು. ಹಲ್ಲು ಕೂತಿರುವ ಮೂಳೆ ಒತ್ತಡಕ್ಕೆ ಬಗ್ಗಿ ಜಾಗ ಕೊಡುತ್ತದೆ ಎಂಬುದು ಅವನ ಗ್ರಹಿಕೆ. ಇದಕ್ಕೆ ಕಣ್ಣಾರೆ ಕಾಣುವ ಪುರಾವೆ ಬರಲು ಇನ್ನೂ ಒಂದೂಕಾಲು ಶತಮಾನ ಬೇಕಾಯಿತು. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ನಾಯಿಯ ಹಲ್ಲುಗಳನ್ನು ತಂತಿಯಿಂದ ಸರಿಸಿ, ಆ ಭಾಗದ ಮೂಳೆಯನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. 1904-05ರಲ್ಲಿ ಪ್ರಕಟವಾದ ಅವನ ಬರಹದ ಸಾರ ಇಷ್ಟು: ಹಲ್ಲು ಯಾವ ಕಡೆಗೆ ಒತ್ತುತ್ತದೋ ಆ ಕಡೆಯ ಮೂಳೆ ಕರಗುತ್ತದೆ, ಎಳೆತ ಬೀಳುವ ಹಿಂಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ.

ನಾವು ಅಂದುಕೊಂಡಂತೆ ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ತೆಳ್ಳಗಿನ ನಾರಿನ ಪದರವಿದೆ. ಹಲ್ಲು ಆ ನಾರುಗಳಲ್ಲಿ ತೂಗಿಕೊಂಡಿರುತ್ತದೆ. ಒತ್ತಡ ಬಿದ್ದಾಗ ಮೂಳೆ ತಿನ್ನುವ ಜೀವಕೋಶಗಳೂ ಮೂಳೆ ಕಟ್ಟುವ ಜೀವಕೋಶಗಳೂ ಆ ಪದರದ ಅಕ್ಕಪಕ್ಕದಲ್ಲೇ ಕೆಲಸಕ್ಕೆ ಇಳಿಯುತ್ತವೆ. ಚಿಕಿತ್ಸೆಯಲ್ಲಿ ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುವುದು ಹೀಗೆ. ಈ ಕಾರ್ಖಾನೆಗೆ ವಯಸ್ಸಿನ ಮಿತಿಯಿಲ್ಲ. ನಲವತ್ತರಲ್ಲೂ ಅರವತ್ತರಲ್ಲೂ ಅದು ನಡೆಯುತ್ತಿರುತ್ತದೆ. ವೈದ್ಯರು ಬೇಕೆಂದ ಕಡೆಗೆ ಹಲ್ಲು ಸರಿಯಲು ಕಾರಣವಾದದ್ದೇ, ನಮಗೆ ಬೇಡದ ಕಡೆಗೆ ಅದು ಸರಿಯಲೂ ಕಾರಣ.

ಸ್ಯಾಂಡ್‌ಸ್ಟೆಡ್ ನಾಯಿಗಳನ್ನು ನೋಡುತ್ತಿದ್ದ ಕಾಲಕ್ಕೆ ಅಮೆರಿಕದಲ್ಲಿ ಎಡ್ವರ್ಡ್ ಆಂಗಲ್ ಎಂಬಾತ ವಕ್ರದಂತದ ಚಿಕಿತ್ಸೆಯನ್ನೇ ಒಂದು ಪ್ರತ್ಯೇಕ ಶಾಸ್ತ್ರವಾಗಿ ಕಟ್ಟುತ್ತಿದ್ದ. ಮೇಲಿನ ಮೊದಲ ದವಡೆಹಲ್ಲನ್ನು ಆಧಾರವಾಗಿಟ್ಟುಕೊಂಡು 1899ರಲ್ಲಿ ಅವನು ಮಾಡಿದ ವರ್ಗೀಕರಣವನ್ನು ಇಂದಿಗೂ ಪ್ರತಿ ದಂತವೈದ್ಯ ವಿದ್ಯಾರ್ಥಿ ಓದುತ್ತಾನೆ. 1900ರಲ್ಲಿ ಸೇಂಟ್ ಲೂಯಿಯಲ್ಲಿ ಶಾಲೆ ತೆರೆದ. 1920ರ ದಶಕದ ಕೊನೆಯಲ್ಲಿ ಅವನು ಹೊರತಂದ ಆಯತಾಕಾರದ ತಂತಿಯ ಸಾಧನವೇ ನಮ್ಮ ಮಕ್ಕಳ ಇಂದಿನ ಕ್ಲಿಪ್ಪಿನ ಮೂಲಪುರುಷ.

ಆಂಗಲ್‌ನಿಗೆ ಒಂದು ಅಚಲ ನಂಬಿಕೆಯಿತ್ತು. ಮನುಷ್ಯನಿಗೆ ಕೊಟ್ಟ ಅಷ್ಟೂ ಹಲ್ಲಿಗೆ ದವಡೆಯಲ್ಲಿ ಜಾಗವಿದ್ದೇ ಇದೆ. ಯಾವ ಹಲ್ಲನ್ನೂ ಕೀಳದೆ ದವಡೆಯ ಕಮಾನನ್ನು ಅಗಲಿಸಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ಮೇಲಿನ ಕೆಳಗಿನ ಹಲ್ಲುಗಳು ಸರಿಯಾಗಿ ಕಚ್ಚುವಂತೆ ಮಾಡಿದರೆ, ಅಗಿಯುವ ಕೆಲಸವೇ ಮೂಳೆಯನ್ನು ಬೆಳೆಸಿ ಅವನ್ನು ಅಲ್ಲೇ ಹಿಡಿದಿಡುತ್ತದೆ. ಅಂದರೆ ಸರಿಯಾಗಿ ಮಾಡಿದ ಕೆಲಸಕ್ಕೆ ಕಾವಲು ಬೇಕಿಲ್ಲ. ಷಿಕಾಗೋದ ಕ್ಯಾಲ್ವಿನ್ ಕೇಸ್ ಇದನ್ನು ಒಪ್ಪಲಿಲ್ಲ. ಕೆಲವರಿಗೆ ಹಲ್ಲು ಕೀಳದೆ ವಿಧಿಯಿಲ್ಲ ಎಂದು 1911ರಲ್ಲಿ ಅವನು ಹೂಡಿದ ವಾದ ಆ ಕ್ಷೇತ್ರದ ಪ್ರಸಿದ್ಧ ಜಗಳವಾಯಿತು. ಆದರೆ ಶಾಲೆ, ಶಿಷ್ಯರು, ಪ್ರತಿಷ್ಠೆ ಎಲ್ಲ ಆಂಗಲ್ ಕಡೆಗಿದ್ದವು. ಕೇಸ್‌ನ ಮಾತು ಮೂಲೆಗೆ ಬಿತ್ತು.

ಅದು ಮತ್ತೆ ನಡುಮನೆಗೆ ಬಂದದ್ದು ಆಂಗಲ್‌ನ ಶಿಷ್ಯನಿಂದಲೇ. ಅರಿಜೋನಾದ ಚಾರ್ಲ್ಸ್ ಟ್ವೀಡ್ ಗುರುವಿನ ಕಟ್ಟಾ ಭಕ್ತ. ಒಂದೂ ಹಲ್ಲು ಕೀಳದೆ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟವನು. 1930ರಲ್ಲಿ ಆಂಗಲ್ ತೀರಿಕೊಂಡ. ಆ ದಶಕದಲ್ಲಿ ಟ್ವೀಡ್ ತನ್ನ ಹಳೆಯ ರೋಗಿಗಳನ್ನು ಮತ್ತೆ ಪರೀಕ್ಷಿಸಿದ. ಬಹುಪಾಲು ಜನರ ಹಲ್ಲು ಹಿಂದಿನ ವಕ್ರಕ್ಕೆ ಮರಳಿದ್ದವು, ಇಲ್ಲವೇ ಮುಂದಕ್ಕೆ ಚಾಚಿ ಮುಖದ ಅಂದ ಕೆಡಿಸಿದ್ದವು. ಟ್ವೀಡ್ ನಾಲ್ಕು ಹಲ್ಲು ಕಿತ್ತು ಅದೇ ರೋಗಿಗಳಿಗೆ ಮತ್ತೆ ಚಿಕಿತ್ಸೆ ಮಾಡಿದ. 1940ರ ಹೊತ್ತಿಗೆ ಅಂಥ ನೂರು ಜನರ ಎರಡೂ ಸಲದ ಅಚ್ಚುಗಳನ್ನೂ ಚಿತ್ರಗಳನ್ನೂ ಸಹೋದ್ಯೋಗಿಗಳ ಮುಂದೆ ಹರಡಿಟ್ಟ. ಗುರುದ್ರೋಹ ಎಂದವರಿದ್ದರು. ಆದರೆ ಪ್ಲಾಸ್ಟರಿನ ಅಚ್ಚುಗಳಿಗೆ ಉತ್ತರ ಕೊಡುವುದು ಕಷ್ಟವಿತ್ತು.

ನಾನಿರುವ ಉದ್ಯೋಗದಲ್ಲಿ ಪ್ರಾಜೆಕ್ಟ್ ಮುಗಿದ ದಿನ ಎಲ್ಲರೂ ಕೇಕ್ ಕತ್ತರಿಸುತ್ತೇವೆ. ಐದು ವರ್ಷದ ನಂತರ ಆ ಸಾಫ್ಟ್‌ವೇರ್ ಹೇಗಿದೆ ಎಂದು ಕಟ್ಟಿದವನೇ ಹೋಗಿ ನೋಡಿದ್ದನ್ನು ನಾನು ಕಂಡಿಲ್ಲ. ಅದಕ್ಕೇ ಈ ಮನುಷ್ಯನ ಬಗ್ಗೆ ನನಗೆ ಗೌರವ.

ಅದೇ ಸುಮಾರಿಗೆ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಆಂಗಲ್‌ನ ಇನ್ನೊಬ್ಬ ಶಿಷ್ಯ ರೇಮಂಡ್ ಬೆಗ್ ಬೇರೆ ದಾರಿಯಿಂದ ಇದೇ ಪ್ರಶ್ನೆಗೆ ಬಂದಿದ್ದ. ಅವನು ನೋಡಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಳೆಯ ತಲೆಬುರುಡೆಗಳನ್ನು. ಒರಟು, ಮರಳು ಬೆರೆತ ಆಹಾರ ಅಗಿದು ಅವರ ಹಲ್ಲುಗಳು ಮೇಲ್ಭಾಗದಲ್ಲಷ್ಟೇ ಅಲ್ಲ, ಒಂದಕ್ಕೊಂದು ತಾಗುವ ಪಕ್ಕಗಳಲ್ಲೂ ಸವೆದಿದ್ದವು. ವಯಸ್ಸಾಗುವ ಹೊತ್ತಿಗೆ ಒಂದು ದವಡೆಯ ಸಾಲಿನಲ್ಲಿ ಒಟ್ಟು ಸುಮಾರು ಒಂದು ಸೆಂಟಿಮೀಟರ್ ಸವೆತ ಎಂಬುದು ಅವನ ಲೆಕ್ಕ. ಆದರೂ ಸಂದು ಬಿಟ್ಟಿರಲಿಲ್ಲ. ಯಾಕೆಂದರೆ ಹಲ್ಲುಗಳು ಜೀವನವಿಡೀ ಮುಂದಕ್ಕೆ ಸರಿಯುತ್ತ ಆ ಜಾಗ ತುಂಬಿದ್ದವು. 1954ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನ ವಾದ ಹೀಗೆ: ಮುಂದಕ್ಕೆ ಸರಿಯುವುದು ಹಲ್ಲಿನ ರೋಗವಲ್ಲ, ಗುಣ. ಸವೆತವನ್ನು ಸರಿದೂಗಿಸಲು ಪ್ರಕೃತಿ ಕೊಟ್ಟ ಏರ್ಪಾಡು. ನಾವು ಮೆತ್ತಗೆ ಬೇಯಿಸಿದ್ದನ್ನು ತಿನ್ನಲು ಶುರುಮಾಡಿದೆವು, ಸವೆತ ನಿಂತಿತು. ಸರಿಯುವುದು ನಿಲ್ಲಲಿಲ್ಲ. ಬಸ್ಸಿನಲ್ಲಿ ಯಾರೂ ಇಳಿಯದಿದ್ದರೂ ಹಿಂದಿನವರು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ತಳ್ಳುತ್ತಿದ್ದರೆ ಮುಂದಿನವರ ಗತಿ ಏನಾಗುತ್ತದೋ ಅದೇ ಕೆಳಗಿನ ಬಾಚಿಹಲ್ಲುಗಳ ಗತಿ.

ಬೆಗ್‌ನ ವಾದವನ್ನು ಇಂದು ಯಾರೂ ಇಡಿಯಾಗಿ ಒಪ್ಪುವುದಿಲ್ಲ. ವಕ್ರದಂತಕ್ಕೆ ಸವೆತವೊಂದೇ ಕಾರಣವಲ್ಲ, ದವಡೆಯ ಬೆಳವಣಿಗೆ, ವಂಶಪಾರಂಪರ್ಯ ಎಲ್ಲ ಇವೆ. ಆದರೆ ಆಹಾರದ ಸುಳಿವು ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚ್ಚಿನಿ ಇಲ್ಲಿನ ಸಂಶೋಧಕರ ಜೊತೆಗೂಡಿ ಪಂಜಾಬಿನ ಹಳ್ಳಿಯ ಯುವಜನರನ್ನೂ ಚಂಡೀಗಢ ನಗರದವರನ್ನೂ ಹೋಲಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲ್ಲಿನ ಜೋಡಣೆಯ ಏರುಪೇರು ನಗರದವರಲ್ಲೇ ಹೆಚ್ಚು ಕಂಡಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮಗೆ ಗೊತ್ತು. ನಮ್ಮ ಕಾಲದ ಕಥೆ ಇನ್ನೊಂದು: ಹಲ್ಲೂ ಇದೆ, ಕಡಲೆಯೂ ಇದೆ, ಅಗಿಯುವ ವ್ಯವಧಾನ ಇಲ್ಲ.

ಈ ಕಥೆಯ ಅತ್ಯಂತ ಕಟುವಾದ ಅಧ್ಯಾಯ ನಡೆದದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಪ್ರಾಧ್ಯಾಪಕರು ಚಿಕಿತ್ಸೆ ಮುಗಿದ ರೋಗಿಗಳನ್ನು ಹತ್ತಾರು ವರ್ಷಗಳ ನಂತರ ಮತ್ತೆ ಕರೆದು ಅಚ್ಚು ತೆಗೆದು ಸಂಗ್ರಹಿಸುತ್ತಿದ್ದರು. ರಾಬರ್ಟ್ ಲಿಟ್ಲ್ 1975ರಲ್ಲಿ ಒಂದು ಸರಳ ಅಳತೆ ಹೊಸೆದ: ಕೆಳಗಿನ ಆರು ಮುಂಭಾಗದ ಹಲ್ಲುಗಳು ಒಂದನ್ನೊಂದು ಮುಟ್ಟಬೇಕಾದ ಐದು ಜಾಗಗಳಲ್ಲಿ ಎಷ್ಟೆಷ್ಟು ಮಿಲಿಮೀಟರ್ ತಪ್ಪಿವೆ ಎಂದು ಅಳೆದು ಕೂಡುವುದು. ಅದರಿಂದ, ನಾಲ್ಕು ಹಲ್ಲು ಕಿತ್ತು ಚಿಕಿತ್ಸೆ ಪಡೆದ 65 ಜನರನ್ನು ಪ್ಲೇಟು ಬಿಟ್ಟು ಹತ್ತು ವರ್ಷವಾದ ಮೇಲೆ ಅಳೆದರು. 1981ರ ಫಲಿತಾಂಶ: ಸುಮಾರು ಮೂರರಲ್ಲಿ ಎರಡು ಪಾಲು ಜನರ ಹಲ್ಲು ತೃಪ್ತಿಕರವಾಗಿರಲಿಲ್ಲ. 1988ರಲ್ಲಿ ಇಪ್ಪತ್ತು ವರ್ಷದ ಲೆಕ್ಕ ಬಂದಾಗ ಒಪ್ಪಬಹುದಾದ ಸಾಲು ಉಳಿದಿದ್ದದ್ದು ನೂರಕ್ಕೆ ಸುಮಾರು ಹತ್ತು ಜನರಲ್ಲಿ. ಯಾರ ಹಲ್ಲು ಕೆಡುತ್ತದೆ, ಯಾರದು ನಿಲ್ಲುತ್ತದೆ ಎಂದು ಮೊದಲೇ ಹೇಳುವ ಒಂದು ಲಕ್ಷಣವೂ ಅವರಿಗೆ ಸಿಗಲಿಲ್ಲ. ಟ್ವೀಡ್ ಹಲ್ಲು ಕಿತ್ತರೆ ನಿಲ್ಲುತ್ತದೆಂದು ನಂಬಿದ್ದ, ಕಿತ್ತರೂ ನಿಲ್ಲಲಿಲ್ಲ.

ಹಾಗಾದರೆ ತಂತಿಯನ್ನೇ ಹಾಕಿಸದವರು ಪಾರಾದರೇ? ಅದೂ ಇಲ್ಲ. 1983ರಲ್ಲಿ ಪೀಟರ್ ಸಿಂಕ್ಲೇರ್ ಮತ್ತು ಲಿಟ್ಲ್ ಯಾವ ಚಿಕಿತ್ಸೆಯೂ ಬೇಕಿಲ್ಲದ 65 ಜನರ ಬಾಲ್ಯದಿಂದ ಯೌವನದವರೆಗಿನ ಅಚ್ಚುಗಳನ್ನು ಅಳೆದರು. ಅವರ ದವಡೆಯ ಕಮಾನೂ ಚಿಕ್ಕದಾಗುತ್ತಿತ್ತು, ಬಾಚಿಹಲ್ಲುಗಳೂ ಸಾಲು ತಪ್ಪುತ್ತಿದ್ದವು; ಪ್ರಮಾಣ ಮಾತ್ರ ಕಡಿಮೆ. ಕ್ಲೀವ್‌ಲೆಂಡಿನಲ್ಲಿ ರೋಲ್ಫ್ ಬೆಹ್ರೆಂಟ್ಸ್ ಇನ್ನೂ ಮುಂದೆ ಹೋದ. ಅಲ್ಲಿ ದಶಕಗಳ ಹಿಂದೆ ಮಕ್ಕಳ ತಲೆಯ ಎಕ್ಸ್‌ರೇ ತೆಗೆದು ಬೆಳವಣಿಗೆ ದಾಖಲಿಸಿದ್ದ ಬೋಲ್ಟನ್ ಅಧ್ಯಯನದ ಕಡತಗಳಿದ್ದವು. ಆ ಮಕ್ಕಳು ಎಷ್ಟೋ ಮಂದಿ ಮಧ್ಯವಯಸ್ಕರೂ ಮುದುಕರೂ ಆಗಿದ್ದರು. ಅವರನ್ನು ಹುಡುಕಿ ಮತ್ತೆ ಎಕ್ಸ್‌ರೇ ತೆಗೆದು 1985ರಲ್ಲಿ ಅವನು ತೋರಿಸಿದ್ದು, ಮುಖದ ಮೂಳೆಗಳ ಬೆಳವಣಿಗೆ ಹದಿನೆಂಟಕ್ಕೆ ನಿಲ್ಲುವುದಿಲ್ಲ, ನಿಧಾನವಾಗಿ ಜೀವಮಾನವಿಡೀ ನಡೆಯುತ್ತದೆ ಎಂದು. ಮನೆಯ ಅಡಿಪಾಯವೇ ಅಲುಗುತ್ತಿರುವಾಗ ಕಂಬ ನೆಟ್ಟಗಿರಲಿ ಎಂದರೆ ಹೇಗೆ?

ಈ ಹೊಣೆಯನ್ನೆಲ್ಲ ಬಹುಕಾಲ ಬುದ್ಧಿಹಲ್ಲಿನ ತಲೆಗೆ ಕಟ್ಟಲಾಗಿತ್ತು. ಹಿಂದಿನಿಂದ ಅದು ತಳ್ಳುವುದರಿಂದಲೇ ಮುಂದಿನವು ಸಾಲು ತಪ್ಪುತ್ತವೆ ಎಂದು ಎಷ್ಟೋ ಜನರ ಬುದ್ಧಿಹಲ್ಲು ಕೀಳಿಸಿದರು. 1998ರಲ್ಲಿ ಇಂಗ್ಲೆಂಡಿನಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು: ಮುಂಭಾಗದ ಹಲ್ಲು ಕೆಡದಿರಲೆಂದು ಬುದ್ಧಿಹಲ್ಲು ಕೀಳುವುದಕ್ಕೆ ಸಮರ್ಥನೆ ಇಲ್ಲ. ನೋವು, ಕೀವು, ಹುಳುಕು ಇದ್ದರೆ ಕೀಳಿಸುವ ಮಾತು ಬೇರೆ.

ಹಿಡಿದಿಡುವ ಉಪಾಯಗಳಿಗೂ ಒಂದು ಸಣ್ಣ ಚರಿತ್ರೆಯಿದೆ. ನನ್ನ ಗುಲಾಬಿ ಪ್ಲೇಟಿನ ಮೂಲ ವಿನ್ಯಾಸ ಚಾರ್ಲ್ಸ್ ಹಾಲಿ ಎಂಬಾತನದು, 1919ರ ಸುಮಾರಿನದು. ಅಂದರೆ ಹಿಡಿದಿಡಬೇಕೆಂದು ಆಗಲೇ ಗೊತ್ತಿತ್ತು. ಎಷ್ಟು ಕಾಲ ಎಂಬುದಷ್ಟೇ ಗೊತ್ತಿರಲಿಲ್ಲ. ನಾರ್ವೆಯ ಕಾರೆ ರೈಟಾನ್ 1959ರಲ್ಲಿ ಅದಕ್ಕೊಂದು ಸುಳಿವು ಕೊಟ್ಟ. ತಿರುಗಿಸಿದ ಹಲ್ಲಿನ ಸುತ್ತ ವಸಡಿನ ನಾರುಗಳು ಏಳೆಂಟು ತಿಂಗಳಾದರೂ ರಬ್ಬರಿನಂತೆ ಎಳೆದುಕೊಂಡೇ ಇರುತ್ತವೆ, ಬಿಟ್ಟರೆ ಹಲ್ಲನ್ನು ಹಿಂದಕ್ಕೆ ತಿರುಗಿಸುತ್ತವೆ. 1955ರಲ್ಲಿ ಮೈಕೆಲ್ ಬ್ಯುವೊನೊಕೋರ್ ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ಒರಟು ಮಾಡಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆಂದು ಕಂಡುಕೊಂಡಿದ್ದ. ಅದರ ಫಲವಾಗಿ 1970ರ ದಶಕದಲ್ಲಿ ಹಲ್ಲಿನ ಒಳಬದಿಗೆ ಕಾಣದಂತೆ ಅಂಟಿಸುವ ತೆಳು ತಂತಿ ಬಂತು. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಪ್ಲೇಟು. ಲಾಹೋರಿನಲ್ಲಿ ಬೆಳೆದು ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಜಿಯಾ ಚಿಶ್ತಿ ದೊಡ್ಡವನಾದ ಮೇಲೆ ಹಲ್ಲಿಗೆ ತಂತಿ ಹಾಕಿಸಿದ್ದ. ಪ್ಲೇಟು ಹಾಕದಿದ್ದಾಗ ಸರಿದ ಹಲ್ಲು ಮತ್ತೆ ಹಾಕಿದಾಗ ವಾಪಸ್ಸು ಬರುವುದನ್ನು ಗಮನಿಸಿದ. ಹಿಡಿದಿಡುವ ಪ್ಲೇಟೇ ಹಲ್ಲನ್ನು ಸರಿಸಬಲ್ಲದಾದರೆ, ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಗೂ ಒಂದೊಂದು ಪ್ಲೇಟು ರೂಪಿಸಿದರೆ? 1997ರಲ್ಲಿ ಕೆಲ್ಸಿ ವರ್ತ್ ಜೊತೆ ಅವನು ಶುರುಮಾಡಿದ ಅಲೈನ್ ಟೆಕ್ನಾಲಜಿ ಕಂಪನಿಯಿಂದಲೇ ಇನ್ವಿಸಲೈನ್ ಬಂತು. ಇಂದು ನಮ್ಮ ಮಾಲುಗಳ ಜಾಹೀರಾತಿನಲ್ಲಿ ಕಾಣುವ ಪಾರದರ್ಶಕ ಅಲೈನರುಗಳಿಗೆಲ್ಲ ಅದೇ ಹಿರಿಯಣ್ಣ.

ಇಷ್ಟೆಲ್ಲ ಓದಿ ದಂತವೈದ್ಯೆಯ ಮುಂದೆ ಮತ್ತೆ ಕೂತೆ, ಈ ಸಲ ನನ್ನ ಹಲ್ಲಿಗಾಗಿ. ಅವರು ಮೊದಲು ನೋಡಿದ್ದು ಹಲ್ಲನ್ನಲ್ಲ, ವಸಡನ್ನು. ನಮ್ಮ ವಯಸ್ಸಿನವರು ಇದನ್ನು ನೆನಪಿಡಬೇಕು. ಹಲ್ಲು ನಿಧಾನವಾಗಿ ಒತ್ತಿಕೊಳ್ಳುವುದು ವಯಸ್ಸಿನ ಸಹಜ ಕ್ರಿಯೆ. ಆದರೆ ಮುಂಭಾಗದ ಹಲ್ಲುಗಳ ನಡುವೆ ಹೊಸದಾಗಿ ಸಂದು ಬಿಟ್ಟರೆ, ಹಲ್ಲು ಮುಂದಕ್ಕೆ ಚಾಚಿದರೆ, ಅಲುಗಿದರೆ, ವಸಡಿನಲ್ಲಿ ರಕ್ತ ಬಂದರೆ, ಅದು ಹಲ್ಲು ಹಿಡಿದ ಮೂಳೆಯೇ ಕರಗುತ್ತಿರುವ ಸೂಚನೆಯಾಗಿರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಅಪಾಯ ಹೆಚ್ಚು. ಅಂಥಲ್ಲಿ ಮೊದಲು ವಸಡಿನ ಚಿಕಿತ್ಸೆ, ನಂತರ ಉಳಿದದ್ದು. ಕಿತ್ತ ಹಲ್ಲಿನ ಜಾಗವನ್ನು ಖಾಲಿ ಬಿಟ್ಟರೂ ಅಕ್ಕಪಕ್ಕದವು ವಾಲುತ್ತವೆ.

ವಸಡು ಗಟ್ಟಿಯಿದ್ದರೆ ನಲವತ್ತೈದರಲ್ಲೂ ಹಲ್ಲು ಸರಿಸಬಹುದು, ತಂತಿಯಿಂದಲೋ ಅಲೈನರಿನಿಂದಲೋ. ಜಾಗ ಸಾಲದಿದ್ದರೆ ಹಲ್ಲಿನ ಪಕ್ಕಗಳನ್ನು ಮಿಲಿಮೀಟರಿನ ಒಂದೆರಡು ಹತ್ತಂಶದಷ್ಟು ಉಜ್ಜುತ್ತಾರೆ. ಬೆಗ್ ಕಂಡ ಮರಳು ಬೆರೆತ ಆಹಾರ ಮಾಡುತ್ತಿದ್ದ ಕೆಲಸವನ್ನೇ ಈಗ ಅರದ ಪಟ್ಟಿ ಮಾಡುತ್ತದೆ! ಅದಾದ ಮೇಲೆ ಒಳಗಡೆ ಅಂಟಿಸಿದ ತಂತಿ, ಇಲ್ಲವೇ ರಾತ್ರಿ ಹಾಕುವ ಪ್ಲೇಟು, ಕೆಲವರಿಗೆ ಎರಡೂ. ಅಂಟು ಬಿಟ್ಟಿದೆಯೇ ಎಂದು ಆಗಾಗ ತೋರಿಸಬೇಕು, ಪ್ಲಾಸ್ಟಿಕ್ ಪ್ಲೇಟನ್ನು ಬಿಸಿನೀರಲ್ಲಿ ತೊಳೆಯಬಾರದು, ಬಿಗಿಯಾದರೆ ಬಿಟ್ಟುಬಿಡದೆ ವೈದ್ಯರ ಹತ್ತಿರ ಹೋಗಬೇಕು. ಬಾಯಿ ನೋಡದೆ ಆನ್‌ಲೈನಿನಲ್ಲಿ ಮಾರುವವರಿಂದ ದೂರವಿರುವುದು ಕ್ಷೇಮ. ಇನ್ನೊಂದು ಮಾರ್ಗವೂ ಇದೆ: ಏನೂ ಮಾಡದಿರುವುದು. ಹಲ್ಲುಜ್ಜಲು ತೊಡಕಾಗದಿದ್ದರೆ, ಕಚ್ಚಲು ತೊಂದರೆಯಿಲ್ಲದಿದ್ದರೆ ಅದೂ ತಪ್ಪಲ್ಲ. ನಾನು ಅದನ್ನೇ ಆರಿಸಿದೆ. ಇನ್ನಷ್ಟು ಕೆಡದಿರಲಿ ಎಂದು ರಾತ್ರಿಗೊಂದು ಪ್ಲೇಟು ಮಾಡಿಸಿಕೊಂಡೆ.

ಆರು ತಿಂಗಳು ಸಾಕು ಎಂದ ಆ ಡಾಕ್ಟರರ ಮೇಲೆ ನನಗಿದ್ದ ಸಿಟ್ಟು ಈಗ ಪೂರ್ತಿ ಇಲ್ಲ. ಸಿಯಾಟಲ್ಲಿನ ಲೆಕ್ಕ ಆಗಲೇ ಅಚ್ಚಾಗಿತ್ತು, ನಿಜ. ಆದರೆ ಭಾರತದ ವಕ್ರದಂತ ತಜ್ಞರ ಸಂಘ ಹುಟ್ಟಿದ್ದೇ 1965ರಲ್ಲಿ. ಪತ್ರಿಕೆಯಲ್ಲಿ ಬಂದದ್ದು ಪಠ್ಯಕ್ಕೆ ಇಳಿದು, ಪಠ್ಯದಿಂದ ಜಿಲ್ಲೆಯ ಕುರ್ಚಿಯವರೆಗೆ ಬರಲು ಕಾಲ ಬೇಕು. ಸಾಲ ತೀರಿಸಿದ ಅಪ್ಪನಿಗೆ ಇದನ್ನು ಹೇಳೋಣವೆಂದರೆ ಅವರಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಹಾಗಾದ್ರೆ ಮಗೂಗೆ ಮೊದಲೇ ಹೇಳಿಬಿಡು, ಇದು ಮುಗಿಯೋ ಕೆಲಸ ಅಲ್ಲ ಅಂತ" ಎಂದಳು.

ಹೇಳಿದ್ದೇನೆ. ಮುಂದಿನ ತಿಂಗಳು ಮಗಳಿಗೆ ತಂತಿ ಹಾಕುತ್ತಾರೆ. ಸದ್ಯಕ್ಕೆ ರಾತ್ರಿ ಮಲಗುವ ಮುಂಚೆ ಅವಳದೊಂದು ಹೊಸ ಕೆಲಸ ಶುರುವಾಗಿದೆ: "ಅಪ್ಪಾ, ಪ್ಲೇಟು ಹಾಕಿದ್ಯಾ?"